ಸಕ್ಕರೆ ಕಾಯಿಲೆ ಕಿತ್ತುಕೊಂಡ ಹಾಡುಗಾರರು: ನಮ್ಮ ಮೇಳದವರ ಗತಿ ಏನು?

ಹಳೇ ರೇಡಿಯೋ, ಬೆಳಗಾವಿ

ಲೂಥರ್ ವ್ಯಾಂಡ್ರಾಸ್ ತೀರಿಕೊಂಡಾಗ ಅವರಿಗೆ 54 ವರ್ಷ. ಅಮೆರಿಕದಲ್ಲಿ ಪ್ರೇಮಗೀತೆ ಅಂದರೆ ಈ ಮನುಷ್ಯನ ದನಿ ಅನ್ನುವಷ್ಟು ಹೆಸರು ಮಾಡಿದವರು. ಇನ್ನೂ ಚಿಕ್ಕವರಿದ್ದಾಗಲೇ ಅವರ ತಂದೆಯನ್ನು ಸಕ್ಕರೆ ಕಾಯಿಲೆ ಒಯ್ದಿತ್ತು. ಮುಂದೆ ಅದೇ ಕಾಯಿಲೆ, ಜೊತೆಗೆ ರಕ್ತದೊತ್ತಡ, ಮಗನನ್ನೂ ಹಿಡಿಯಿತು. 2003ರ ಏಪ್ರಿಲ್‌ನಲ್ಲಿ ಲಕ್ವಾ ಹೊಡೆದು ವಾರಗಟ್ಟಲೆ ಎಚ್ಚರವಿಲ್ಲದೆ ಮಲಗಿದರು. ಸತ್ತ ತಂದೆಯನ್ನು ನೆನೆದು ಬರೆದ ಹಾಡಿಗೆ 2004ರಲ್ಲಿ ಗ್ರ್ಯಾಮಿ ಬಂದಾಗ, ವೇದಿಕೆ ಹತ್ತಿ ಆ ಹಾಡು ಹಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. 2005ರ ಜುಲೈ 1ರಂದು ಹೋದರು. ಅವರ ತಾಯಿ ಮೇರಿ ಐಡಾ ಹೆತ್ತ ನಾಲ್ಕೂ ಮಕ್ಕಳನ್ನು ಕಳೆದುಕೊಂಡು ಆಮೇಲೂ ಬದುಕಿದ್ದರು.

ಇಂಥವರು ಹೋದಾಗ ಪತ್ರಿಕೆಯವರು ‘ದೀರ್ಘಕಾಲದ ಅನಾರೋಗ್ಯ’ ಅಂತ ಬರೆದು ಮುಗಿಸುತ್ತಾರೆ. ಆ ಅನಾರೋಗ್ಯದಲ್ಲಿ ಕಾಲು ಹೋಗಿರುತ್ತದೆ, ಕಣ್ಣು ಮಂಜಾಗಿರುತ್ತದೆ, ಕಿಡ್ನಿ ನಿಂತಿರುತ್ತದೆ. ಮನುಷ್ಯ ಸಾಯುವುದಕ್ಕೆ ಎಷ್ಟೋ ವರ್ಷ ಮೊದಲೇ ಹಾಡು ನಿಂತಿರುತ್ತದೆ. ನನಗೆ ಸಂಕಟವಾಗುವುದು ಅದಕ್ಕೇ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ರಾತ್ರಿಯಿಡೀ ಹಾಡುವವರು ಎಷ್ಟು ಮಂದಿ! ಭಜನೆ ಮೇಳ, ಶ್ರೀಕೃಷ್ಣ ಪಾರಿಜಾತ, ಗೀಗೀ ಪದ, ಚೌಡಕಿ ಪದ, ಕಂಪನಿ ನಾಟಕ, ಮದುವೆ ಆರ್ಕೆಸ್ಟ್ರಾ. ಇವರಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡವರು ಯಾರು? ನಮ್ಮವರ ಕಥೆ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಹೆಸರಾದವರ ಬದುಕು ನೋಡಿಯಾದರೂ ನಮ್ಮವರ ಬಗ್ಗೆ ಮಾತಾಡೋಣ ಅಂತ ಇದನ್ನು ಶುರು ಮಾಡಿದ್ದೇನೆ.

ಒಂದು ವಿನಂತಿ. ಯಾರ ಹೆಸರು ಹಾಕಿದರೂ, ಕಾಯಿಲೆಯ ವಿಷಯ ಅವರೇ ಹೇಳಿಕೊಂಡದ್ದೋ, ಎಲ್ಲರಿಗೂ ತಿಳಿದದ್ದೋ ಆಗಿರಲಿ. ಗಾಳಿಮಾತು ಬೇಡ.

ಗಿಟಾರ್ ಹುಡುಗ, ಟಿಳಕವಾಡಿ

ಜೆರ್ರಿ ಗಾರ್ಸಿಯಾ ಹೆಸರು ಬರಲೇಬೇಕ್ರಿ ಸರ್. ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಗಿಟಾರಿಸ್ಟ್. 1986ರ ಜುಲೈದಾಗ ಡಯಾಬಿಟಿಕ್ ಕೋಮಾಕ್ಕ ಹೋದ್ರು. ದಿನಗಟ್ಟಲೆ ಎಚ್ಚರಿಲ್ಲ. ಎದ್ದ ಮ್ಯಾಲ ಬೆರಳು ಮಾತು ಕೇಳವಲ್ವು. ಇಪ್ಪತ್ತು ವರ್ಷ ಬ್ಯಾಂಡಿನಾಗ ನುಡಿಸಿದ ಮನುಷ್ಯಾ ಗಿಟಾರ್ ಮತ್ತ ಮೊದಲಿಂದ ಕಲೀಬೇಕಾತು. ಗೆಳೆಯ ಮೆರ್ಲ್ ಸಾಂಡರ್ಸ್ ಜೋಡಿ ಕುಂತು ಹಳೇ ಹಾಡು ಒಂದೊಂದಾಗಿ ನೆನಪು ಮಾಡಿಕೊಟ್ರು. ಅದೇ ಡಿಸೆಂಬರ್‌ದಾಗ ಮತ್ತ ಸ್ಟೇಜ್ ಹತ್ತಿದ್ರು.

ನಾನೂ ಗಿಟಾರ್ ನುಡಿಸ್ತೇನಿ. ಒಂದು ವಾರ ಮುಟ್ಟದಿದ್ರ ಬೆರಳು ಬಿಗಿ ಆಗ್ತಾವು. ಗೊತ್ತಿದ್ದ ಹಾಡು ಕೈಯಾಗ ಇಲ್ಲ ಅಂದ್ರ ಆ ಮನುಷ್ಯಾಗ ಹೆಂಗ ಅನಿಸಿರಬೇಕು ಅಂತ ಕುಂತಾಗ ನಿಂತಾಗ ನೆನಪಾಗ್ತೈತಿ. ಒಂಬತ್ತು ವರ್ಷ ಆದ ಮ್ಯಾಲ, 1995ರ ಆಗಸ್ಟ್ 9ಕ್ಕ, 53 ತುಂಬಿ ಎಂಟೇ ದಿನಕ್ಕ ಹಾರ್ಟ್ ಅಟ್ಯಾಕ್ ಆಗಿ ಹೋದ್ರು.

ಮುಧೋಳ ಕಾಕಾ

ತಮ್ಮಾ, ಗಾರ್ಸಿಯಾಗ ಮಾದಕ ಪದಾರ್ಥದ ಚಟಾನೂ ಇತ್ತು, ಸಿಗರೇಟೂ ಇತ್ತು. ಎಲ್ಲಾ ತಂದು ಶುಗರ್ ತಲಿಮ್ಯಾಲ ಹಾಕಿದ್ರ ಹೆಂಗ? ಇನ್ನ ಎಲ್ಲಾರೂ ಅಮೆರಿಕದ ಜಾಝ್ ಹಾಡುಗಾರ್ತಿ ಎಲ್ಲಾ ಫಿಟ್ಜೆರಾಲ್ಡ್ ಹೆಸರು ಹೇಳ್ತಾರ. ಆಕಿ 79 ವರ್ಷ ಬಾಳಿದಾಕಿ. ಕಂಟ್ರಿ ಹಾಡುಗಾರ ಜಾನಿ ಕ್ಯಾಶ್ 71. ಬ್ಲೂಸ್ ಹಾಡುಗಾರ ಬಿ. ಬಿ. ಕಿಂಗ್‌ಗೂ ಶುಗರ್ ಇತ್ತು, 89ರ ತನಕ ಇದ್ರು, ಗಿಟಾರ್ ಬಿಡಲಿಲ್ಲ. ಇವರನ್ನೆಲ್ಲಾ ಅರ್ಧ ಆಯುಷ್ಯದಾಗ ಹೋದವರು ಅನ್ನೋದು ನ್ಯಾಯ ಅಲ್ಲ.

ಹಳೇ ರೇಡಿಯೋ, ಬೆಳಗಾವಿ

ಕಾಕಾ, ಗಾರ್ಸಿಯಾ ವಿಷಯದಲ್ಲಿ ನಿಮ್ಮ ಮಾತು ಸರಿ. ಒಂದೇ ಕಾರಣಕ್ಕೆ ಯಾರೂ ಹೋಗುವುದಿಲ್ಲ. ಚಟ, ತೂಕ, ನಿದ್ದೆಗೇಡು, ಸಕ್ಕರೆ ಎಲ್ಲ ಒಂದಕ್ಕೊಂದು ಕೈ ಸೇರಿಸುತ್ತವೆ. ಬಿ. ಬಿ. ಕಿಂಗ್ ಅವರನ್ನು ನೆನಪಿಸಿದ್ದು ಒಳ್ಳೆಯದಾಯಿತು. ತಮಗೆ ಕಾಯಿಲೆ ಇದೆ ಅಂತ ಮುಚ್ಚುಮರೆಯಿಲ್ಲದೆ ಹೇಳಿ, ರಕ್ತ ಪರೀಕ್ಷಿಸುವ ಮೀಟರ್‌ನ ಜಾಹೀರಾತಿನಲ್ಲೇ ಕಾಣಿಸಿಕೊಂಡವರು ಅವರು.

ಆದರೆ ಎಲ್ಲಾ ಫಿಟ್ಜೆರಾಲ್ಡ್ ಬಗ್ಗೆ ನಾನು ಒಪ್ಪುವುದಿಲ್ಲ. 79 ವರ್ಷ ಬದುಕಿದ್ದು ನಿಜ, ಹೇಗೆ ಬದುಕಿದ್ದರು ಅನ್ನುವುದನ್ನೂ ನೋಡಬೇಕು. ಕಾಯಿಲೆಯಿಂದ ದೃಷ್ಟಿ ಮಂಕಾಗುತ್ತ ಬಂತು. 1990ರ ದಶಕದ ಮೊದಲ ವರ್ಷಗಳಲ್ಲೇ ವೇದಿಕೆ ಬಿಡಬೇಕಾಯಿತು. 1993ರಲ್ಲಿ ಎರಡೂ ಕಾಲು ಮೊಣಕಾಲಿನ ಕೆಳಗೆ ತೆಗೆದರು. 1996ರ ಜೂನ್ 15ರಂದು ತೀರಿಕೊಂಡರು. ಆ ಕೊನೆಯ ವರ್ಷಗಳ ಹಾಡು ಎಲ್ಲಿ ಹೋಯಿತು, ಕಾಕಾ? ದನಿ ಇದ್ದೂ ದೇಹ ಸಾಥ್ ಕೊಡದೆ ಹೋದರೆ ಅದೂ ಅರ್ಧಕ್ಕೆ ನಿಂತ ಬದುಕೇ ಅಂತ ನನ್ನ ಲೆಕ್ಕ.

ಅಮೆರಿಕದ ಸೋಲ್ ಗಾಯಕ, ಗಿಟಾರ್ ವಾದಕ ಕರ್ಟಿಸ್ ಮೇಫೀಲ್ಡ್ ಕಥೆ ಇದಕ್ಕಿಂತ ಕಷ್ಟದ್ದು. 1990ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಯಲು ಕಚೇರಿ ನಡೆಯುವಾಗ ವೇದಿಕೆಯ ದೀಪದ ಕಂಬ ಮೈಮೇಲೆ ಬಿದ್ದು ಕುತ್ತಿಗೆಯ ಕೆಳಗೆ ಪೂರಾ ಸ್ವಾಧೀನ ತಪ್ಪಿತು. ಆ ಮೇಲೆ ಗಿಟಾರ್ ಹಿಡಿಯುವ ಮಾತೇ ಇಲ್ಲ. ಆದರೂ 1996ರಲ್ಲಿ ಒಂದು ಆಲ್ಬಂ ತಂದರು. ಕೂತರೆ ಉಸಿರು ಸಾಲುತ್ತಿರಲಿಲ್ಲ, ಹಾಗಾಗಿ ಅಂಗಾತ ಮಲಗಿ ಒಂದೊಂದೇ ಸಾಲು ಹಾಡಿದರು, ತಂತ್ರಜ್ಞರು ಆ ಸಾಲುಗಳನ್ನು ಕೂಡಿಸಿದರು. ಅಂಥ ಗಟ್ಟಿ ಮನುಷ್ಯನನ್ನು ಕೊನೆಗೆ ಸಕ್ಕರೆ ಕಾಯಿಲೆ ಹಿಡಿದು ಎಳೆಯಿತು. 1998ರಲ್ಲಿ ಬಲಗಾಲು ತೆಗೆದರು, 1999ರ ಡಿಸೆಂಬರ್ 26ರಂದು ಹೋದರು, 57 ವರ್ಷಕ್ಕೆ.

ಸಿಸ್ಟರ್ ಅಕ್ಕ, ವಿಜಯಪುರ

ನಾನು ನರ್ಸ್ ಇದ್ದೇನ್ರಿ. ಕಾಲ್ಯಾಕ, ಕಣ್ಯಾಕ, ಕಿಡ್ನ್ಯಾಕ ಅಂತ ಭಾಳ ಮಂದಿ ಕೇಳ್ತಾರ, ತಿಳಿದಷ್ಟು ಹೇಳತೇನಿ.

ರಕ್ತದಾಗ ಸಕ್ರಿ ಹೆಚ್ಚಾಗಿ ವರ್ಷಾನುಗಟ್ಟಲೆ ಹಂಗ ಉಳೀತಂದ್ರ ಸಣ್ಣ ರಕ್ತನಾಳದ ಒಳಗೋಡಿ ಕೆಡ್ತೈತಿ. ಕಣ್ಣಿನ ಹಿಂದಿನ ಪರದಿ, ಕಿಡ್ನಿಯ ಸೋಸು ಜಾಗಾ, ನರಕ್ಕ ರಕ್ತ ಒಯ್ಯೋ ನಾಳ, ಇವೆಲ್ಲಾ ಎಳಿ ಎಳಿ ಇರ್ತಾವು. ಅದಕ್ಕ ಮೊದಲ ಅಲ್ಲೇ ಪೆಟ್ಟು. ಕಾಲಿನ ನರ ಸತ್ತ ಮ್ಯಾಲ ಮುಳ್ಳು ಚುಚ್ಚಿದ್ದೂ ತಿಳೆಂಗಿಲ್ಲ, ಚಪ್ಪಲಿ ಕಚ್ಚಿದ್ದೂ ತಿಳೆಂಗಿಲ್ಲ. ಗಾಯಕ್ಕ ರಕ್ತ ಸರಿಯಾಗಿ ಬರಂಗಿಲ್ಲ, ಮಾಯಂಗಿಲ್ಲ. ಕೀವು ಎಲುಬಿಗಿ ಇಳದ್ರ ಕಾಲು ತೆಗೀದ ಬ್ಯಾರೆ ದಾರಿ ಉಳಿಯಂಗಿಲ್ಲ. ದೊಡ್ಡ ನಾಳ ಕಟ್ಟಿದ್ರ ಹಾರ್ಟ್ ಅಟ್ಯಾಕ್, ಇಲ್ಲಾ ಲಕ್ವಾ. ಲೂಥರ್ ಅವರಿಗಿ ಆಗಿದ್ದು ಇದ.

ಮೊದಲಿನ ವರ್ಷದಾಗ ಇದು ನೋವ ಕೊಡಂಗಿಲ್ರಿ, ಅದ ದೊಡ್ಡ ಮೋಸ. ‘ನಂಗೇನೂ ಆಗಿಲ್ಲವಾ, ಆರಾಮದೀನಿ’ ಅಂತಾರ. ಮುಂಜಾನೆ ಖಾಲಿ ಹೊಟ್ಟೀಲೆ ನೋಡಿದ್ರ 126 ಅಥವಾ ಅದಕ್ಕ ಮ್ಯಾಲ ಬರ್ತದ. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ನೋಡಿದ್ರ 6.5 ದಾಟಿರ್ತದ. 2023ರಾಗ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ನಮ್ಮ ದೇಶದಾಗ 10.1 ಕೋಟಿ ಮಂದಿಗಿ ಈ ಬ್ಯಾನಿ ಐತಿ, ಇನ್ನ 13.6 ಕೋಟಿ ಮಂದಿ ಅದರ ಗಡಿಯಾಗ ಅದಾರ. ನಮ್ಮ ಮೇಳದವರು ಅದರಾಗ ಇಲ್ಲ ಅಂತ ಹೆಂಗ ಅನ್ನೋದು?

ತಬಲಾ, ಜಮಖಂಡಿ

ಸಿಸ್ಟರ್ ಅಕ್ಕಾರ, ಕಾಲಿನ ಮಾತು ಎಲ್ಲಾರೂ ಹೇಳ್ತಾರ. ಕೈ ಮಾತು ಯಾರೂ ಹೇಳಂಗಿಲ್ಲ. ನಮ್ಮಂಥವರಿಗಿ ಅದ ಮುಖ್ಯ.

ನನಗ ತಬಲಾ ಕಲಿಸಿದ ಗುರುಗಳಿಗೆ ಬಲಗೈ ಉಂಗುರದ ಬೆರಳು ಮಡಚಿದ್ರ ಸಿಕ್ಕೊಂಡು ಬಿಡ್ತಿತ್ತು, ಮತ್ತ ಟಕ್ ಅಂತ ಬಿಚ್ಚತಿತ್ತು. ಆಮ್ಯಾಲ ಭುಜ ಬಿಗಿ ಆಗಿ ಅಂಗಿ ತೋಳಿನಾಗ ಕೈ ಹಾಕಾಕ ಬರವಲ್ದು. ವಯಸ್ಸು, ವಾಯು ಅಂತ ಹೇಳಿ ಎಣ್ಣಿ ಕೊಟ್ಟು ಕಳಿಸ್ತಿದ್ರು. ನಿಧಾನ ಲಯದ ವಿಲಂಬಿತದಾಗ ಹೆಂಗೋ ನಡೀತಿತ್ತು, ಜೋರು ಲಯದ ದ್ರುತಕ್ಕ ಬಂದ್ರ ‘ತಿರಕಿಟ’ ಬೋಲು ಹರಕು ಹರಕಾಗಿ ಬೀಳ್ತಿತ್ತು. ಮಂದಿ ಎದುರಿಗೆ ಹಂಗ ಬಾರಿಸೋದು ಬ್ಯಾಡ ಅಂತ ಹೇಳಿ ತಾವ ಹಿಂದ ಸರಿದ್ರು. ಭಾಳ ತಡಾ ಆಗಿ ರಕ್ತ ತೆಗೆಸಿದ್ರ ಶುಗರ್. ಬೆರಳು, ಭುಜ ಹಂಗ ಬಿಗಿ ಆಗಾಕ ಅದೂ ಒಂದು ಕಾರಣ ಅಂತ ಆವಾಗ ತಿಳೀತು.

ಎರಡೂ ಅಂಗೈ ಕೂಡಿಸಿ ಶರಣು ಮಾಡ್ರಿ. ಬೆರಳಿನ ನಡುವ ಸಂದಿ ಉಳದು, ಅಂಗೈ ಪೂರಾ ಅಂಟವಲ್ವು ಅಂದ್ರ ಡಾಕ್ಟರಿಗೆ ತೋರಸ್ರಿ. ಹಾರ್ಮೋನಿಯಂದವರು, ಸಿತಾರದವರು, ಎಲ್ಲಾರೂ ಇವತ್ತ ನೋಡಿಕೊಳ್ರಿ.

ಸಿಸ್ಟರ್ ಅಕ್ಕ, ವಿಜಯಪುರ

ಖರೇ ಮಾತು ಅಣ್ಣಾರ. ಶರಣು ಮಾಡಿಸಿ ನೋಡೋದನ್ನ ಡಾಕ್ಟರೂ ಮಾಡ್ತಾರ. ಬೆರಳು, ಭುಜ ಬಿಗಿ ಆಗೋದು ಶುಗರ್ ಇದ್ದವರಿಗಿ ಉಳಿದವರಿಗಿಂತ ಹೆಚ್ಚು. ಆದ್ರ ಬಿಗಿ ಇದ್ದವರಿಗೆಲ್ಲಾ ಶುಗರ್ ಇರ್ತದಂತಲ್ಲ, ಪರೀಕ್ಷಾ ಮಾಡಸಬೇಕು ಅಷ್ಟ. ಇನ್ನ ತಬಲಾದವರು ರಕ್ತ ಚುಚ್ಚುವಾಗ ಬೆರಳ ತುದಿಗಿ ಚುಚ್ಚಿಸಿಕೋಬ್ಯಾಡ್ರಿ, ಬದಿಗಿ ಚುಚ್ರಿ ಅಂತ ಹೇಳ್ರಿ. ನೋವೂ ಕಡಿಮಿ, ಬಾರಿಸಾಕ ತ್ರಾಸೂ ಆಗಂಗಿಲ್ಲ.

ಡಿಗ್ರಿ ಓದುವ ಹುಡುಗಿ, ಬಾಗಲಕೋಟೆ

ಎಲ್ಲರೂ ಹಿರಿಯರ ಹೆಸರೇ ಹೇಳ್ತಿದ್ದೀರಿ. ನಮ್ಮ ವಯಸ್ಸಿನವರು ಕೇಳೋ ಹಿಪ್‌ಹಾಪ್‌ನಲ್ಲಿ ಫೈಫ್ ಡಾಗ್ ಇದ್ದಾರೆ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದವರು, ನಿಜವಾದ ಹೆಸರು ಮಲಿಕ್ ಟೇಲರ್. 1990ರಲ್ಲಿ, ಇಪ್ಪತ್ತು ತುಂಬುವ ಮೊದಲೇ ಕಾಯಿಲೆ ಗೊತ್ತಾಯ್ತು. ಮುಚ್ಚಿಡಲಿಲ್ಲ, ಹಾಡಿನ ಸಾಲಿನಲ್ಲೇ ತಾನು ಡಯಾಬಿಟಿಕ್ ಅಂತ ಹಾಡಿದರು. ಆದರೆ ಸಿಹಿ ಬಿಡೋಕೆ ಆಗಲಿಲ್ಲ, ಅದೊಂದು ಚಟ ಅಂತ ಅವರೇ ಹೇಳಿಕೊಂಡಿದ್ದಾರೆ. ಕಿಡ್ನಿ ಹೋಯ್ತು. 2008ರಲ್ಲಿ ಹೆಂಡತಿ ತನ್ನ ಕಿಡ್ನಿ ಕೊಟ್ಟರು. ಮುಂದೆ ಅದೂ ಕೈಕೊಟ್ಟಿತು. ಮತ್ತೊಂದಕ್ಕೆ ಕಾಯ್ತಾ 2016ರ ಮಾರ್ಚ್ 22ರಂದು ತೀರಿಕೊಂಡರು, 45 ವರ್ಷಕ್ಕೆ. ತಂಡದ ಕೊನೆಯ ಆಲ್ಬಂ ಅದೇ ನವೆಂಬರ್‌ನಲ್ಲಿ ಬಂತು. ಅದರಲ್ಲಿ ಅವರ ದನಿ ಇದೆ, ಅವರಿಲ್ಲ.

ನನ್ನ ಪ್ರಶ್ನೆ ಬೇರೆ. ನಮ್ಮಪ್ಪ ಭಜನೆ ಮೇಳದಲ್ಲಿ ಹಾಡ್ತಾರೆ, ಶುಗರ್ ಇದೆ. ಸಕ್ಕರೆ ಬಿಟ್ಟು ಈಗ ಬೆಲ್ಲದ ಚಹಾ ಕುಡೀತಾರೆ, ಬೆಲ್ಲ ಏನೂ ಮಾಡಲ್ಲ ಅಂತಾರೆ. ಹೇಗೆ ಹೇಳಲಿ?

ಮುಧೋಳ ಕಾಕಾ

ತಂಗಿ, ನಾ ಗಾಣದ ಮನೆತನದಾಂವ. ಕೆಮಿಕಲ್ ಇಲ್ಲದ ಬೆಲ್ಲ ಆರೋಗ್ಯಕ್ಕ ಒಳ್ಳೇದು, ಅದರಾಗ ಕಬ್ಬಿಣದ ಅಂಶ ಐತಿ. ನಮ್ಮ ಹಿರ್ಯಾರು ಮುದ್ದಿ ಮುದ್ದಿ ತಿಂದು ನೂರು ವರ್ಷ ಬಾಳಿದಾರ.

ಸಿಸ್ಟರ್ ಅಕ್ಕ, ವಿಜಯಪುರ

ಕಾಕಾ, ನಿಮ್ಮ ಗಾಣದ ಮ್ಯಾಲ ನನಗ ಅಭಿಮಾನ ಐತಿ, ಆದ್ರ ಶುಗರ್ ಇದ್ದವರಿಗಿ ಬೆಲ್ಲ, ಸಕ್ರಿ ಎರಡೂ ಒಂದ. ಎರಡೂ ಕಬ್ಬಿನ ಸಕ್ರಿನ, ರಕ್ತಕ್ಕ ಹೋದ ಮ್ಯಾಲ ಬಣ್ಣ ನೋಡಂಗಿಲ್ಲ. ಹಿರ್ಯಾರು ಬೆಲ್ಲ ತಿಂದು ಹೊಲದಾಗ ಹೊತ್ತು ಮುಣಗೂ ತನಕ ದುಡೀತಿದ್ರು. ಮೇಳದವರು ರಾತ್ರಿ ಹತ್ತಕ್ಕ ಕುಂತ್ರ ಬೆಳಗಿನ ಜಾವದ ತನಕ ಏಳಂಗಿಲ್ಲ, ನಡುನಡುವ ಚಾ ಬರ್ತನ ಇರ್ತೈತಿ.

ತಂಗಿ, ಅಪ್ಪಗ ವಾದ ಮಾಡಬ್ಯಾಡ. ಮನ್ಯಾಗ ಮೀಟರ್ ಇದ್ರ ಬೆಲ್ಲದ ಚಾ ಕುಡಿಯೂ ಮೊದಲ ಒಮ್ಮೆ, ಕುಡದು ತಾಸಿಗಿ ಒಮ್ಮೆ ನೋಡಿ ಅವರ ಕೈಯಾಗ ಕೊಡು. ತಾವ ಓದಿಕೊಳ್ಳಲಿ.

ಪಾರಿಜಾತದ ಮಂದಿ, ಮೂಡಲಗಿ ತಾಲೂಕ

ನಮಸ್ಕಾರ್ರಿ ಎಲ್ಲಾರಿಗೂ. ಪಾರಿಜಾತ ಆಡೋ ಊರಿನಾಂವ ನಾ. ಕೌಜಲಗಿ ನಿಂಗಮ್ಮ ಹಾಡಿದ ಸೀಮಿ ಇದು. ನಮ್ಮ ಬದುಕು ಹೇಳತೇನಿ ಕೇಳ್ರಿ.

ಸಂಜಿಮುಂದ ಊರು ಮುಟ್ಟತೇವಿ. ಕಮಿಟಿಯವರು ಆವಾಗ ಚಾ, ಚುರಮುರಿ ಕೊಡ್ತಾರ. ಊಟ ಆಟ ಮುಗಿದ ಮ್ಯಾಲ ಅಂತಾರ, ಇಲ್ಲಾ ಹತ್ತಕ್ಕ ಹೊಟ್ಟಿ ತುಂಬ ಹುಗ್ಗಿ, ಅನ್ನ, ಸಾರು ಬಡಸ್ತಾರ. ಹುಗ್ಗಿ ಉಂಡು ಹಾಡಾಕ ನಿಂತ್ರ ಕಣ್ಣು ಎಳೀತಾವು. ಉಣದ ನಿಂತ್ರ ನಡುರಾತ್ರ್ಯಾಗ ಕೈಕಾಲು ನಡುಗತಾವು. ಗುಳಿಗಿ ಯಾವಾಗ ನುಂಗಬೇಕು? ಊಟದ ಮುಂಚೆ ಅಂತ ಚೀಟ್ಯಾಗ ಬರದಾರ, ಊಟ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕ ಆಟ ಇದ್ದ ದಿನ ಗುಳಿಗೀನ ನುಂಗಂಗಿಲ್ಲ ನಮ್ಮವರು. ಜಾತ್ರಿ ಹಂಗಾಮಿನಾಗ ಆಟ ಇಲ್ಲದ ದಿನಾನ ಕಡಿಮಿ.

ಕಮಿಟಿಯವರಿಗಿ ಕೈಮುಗದು ಕೇಳತೇನಿ. ಪೆಂಡಾಲಿಗಿ, ಲೈಟಿಗಿ, ಮೈಕಿಗಿ ಎಷ್ಟರ ಖರ್ಚು ಮಾಡತೀರಿ. ಹಾಡಾವರಿಗಿ ಆಟಕ್ಕ ಎರಡು ತಾಸು ಮೊದಲ ಎರಡು ಜೋಳದ ರೊಟ್ಟಿ, ಪಲ್ಯ, ಬ್ಯಾಳಿ ಕೊಡ್ರಿ. ನಡುವ ಒಂದು ಸಲ ಸಕ್ರಿ ಇಲ್ಲದ ಚಾ, ಒಂದು ಹಿಡಿ ಶೇಂಗಾ. ಇದೇನ್ ದೊಡ್ಡ ಮಾತಲ್ಲ.

ಹಳೇ ರೇಡಿಯೋ, ಬೆಳಗಾವಿ

ಈ ಮಾತು ಓದಿ ಮನಸ್ಸು ಭಾರವಾಯಿತು. ಲೂಥರ್‌ಗೂ ಫೈಫ್‌ಗೂ ಒಳ್ಳೆಯ ಆಸ್ಪತ್ರೆ, ದುಡ್ಡು ಎಲ್ಲ ಇತ್ತು. ನಮ್ಮ ಪಾರಿಜಾತದವರಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿಯೂ ಇಲ್ಲ. ಜಾತ್ರೆ ಕಮಿಟಿಗಳಲ್ಲಿ ಇರುವವರು ಇದನ್ನು ಓದುತ್ತಿದ್ದರೆ ವೀಳ್ಯ ಕೊಡುವಾಗಲೇ ಊಟದ ಹೊತ್ತನ್ನೂ ಮಾತಾಡಿಕೊಳ್ಳಿ.

ಒಬ್ಬರು ನನಗೆ ಬೇರೆಯಾಗಿ ಬರೆದು, ನಮ್ಮ ಹಳೆಯ ಹಿಂದಿ, ಕನ್ನಡ ಗಾಯಕರ ಹೆಸರುಗಳ ಉದ್ದ ಪಟ್ಟಿ ಕಳಿಸಿದ್ದಾರೆ. ಅದನ್ನು ಇಲ್ಲಿ ಹಾಕುವುದಿಲ್ಲ. ಹೃದಯಾಘಾತದಿಂದ ಹೋದವರಿಗೆಲ್ಲ ಸಕ್ಕರೆ ಕಾಯಿಲೆ ಇತ್ತು ಅನ್ನುವುದು ತಪ್ಪು. ಕುಟುಂಬದವರು ಓದಿದರೆ ನೊಂದುಕೊಳ್ಳುತ್ತಾರೆ.

ಅಂಚೆ ಮಾಸ್ತರ, ಸವದತ್ತಿ

ವೇಲನ್ ಜೆನ್ನಿಂಗ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕದ ಕಂಟ್ರಿ ಸಂಗೀತದ ದೊಡ್ಡ ಹೆಸರು. 1959ರಲ್ಲಿ ರಾಕ್ ಗಾಯಕ ಬಡ್ಡಿ ಹಾಲಿ ಸತ್ತ ವಿಮಾನದಲ್ಲಿ ತನ್ನ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಬದುಕಿದ್ದ ಮನುಷ್ಯ. 2001ರ ಡಿಸೆಂಬರ್‌ನಲ್ಲಿ ಸಕ್ಕರೆ ಕಾಯಿಲೆಯಿಂದ ಎಡ ಪಾದ ತೆಗೆದರು, 2002ರ ಫೆಬ್ರವರಿ 13ರಂದು ನಿದ್ದೆಯಲ್ಲೇ ಹೋದರು. 64 ವರ್ಷ.

ಪಾದದ ಮಾತು ಬಂದಿದ್ದಕ್ಕೆ ನಮ್ಮೂರ ಸಂಗತಿ ಹೇಳಬೇಕು. ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಬರಿಗಾಲಲ್ಲಿ ನಡೆದು ಬರುವವರಲ್ಲಿ ಚೌಡಕಿ ಹಿಡಿದು ಹಾಡುತ್ತ ಬರುವವರೂ ಇದ್ದಾರೆ. ಕಾಲಿನಲ್ಲಿ ಸ್ಪರ್ಶ ಇಲ್ಲದವರಿಗೆ ಸುಡುವ ಡಾಂಬರು ರಸ್ತೆ ಸುಡುವುದೇ ತಿಳಿಯುವುದಿಲ್ಲ. ಮನೆಗೆ ಹೋಗಿ ಕಾಲು ತೊಳೆಯುವಾಗ ಬೊಬ್ಬೆ ಕಾಣುತ್ತದೆ. ಹರಕೆ ಬಿಡಿ ಅಂತ ನಾನು ಯಾರಿಗೂ ಹೇಳುವವನಲ್ಲ. ದಪ್ಪ ಕಾಲುಚೀಲವನ್ನಾದರೂ ಹಾಕಿಕೊಳ್ಳಿ, ಬಿಸಿಲು ಏರುವ ಮೊದಲು ನಡೆಯಿರಿ, ರಾತ್ರಿ ಮಲಗುವ ಮುಂಚೆ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳಿ. ತಾಯಿ ಬೇಡ ಅನ್ನುವುದಿಲ್ಲ.

ಗೋಕಾಕ ಅಳಿಯ

ನಮ್ಮ ಮಾವನೋರು ಕಂಪನಿ ನಾಟಕದಾಗ ಕಾಲು ಹಾರ್ಮೋನಿಯಂ ನುಡಿಸಿದವರು. ಡಾಕ್ಟರು ಇನ್ಸುಲಿನ್ ಶುರು ಮಾಡ್ರಿ ಅಂದಾರ. ‘ಇನ್ಸುಲಿನ್ ಅಂದ್ರ ಮುಗೀತು, ಕಡೇ ಹಂತ’ ಅಂತ ಅವರು ಹಟ ಹಿಡದಾರ. ಸೂಜಿ ಬ್ಯಾಡ, ಸೊಪ್ಪಿನ ಕಷಾಯ ಸಾಕಂತಾರ. ಏನ್ ಮಾಡೋಣ್ರಿ?

ಹಳೇ ರೇಡಿಯೋ, ಬೆಳಗಾವಿ

ಅವರಿಗೆ ಈ ಕಥೆ ಹೇಳಿ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಸಕ್ಕರೆ ಕಾಯಿಲೆ ಇದ್ದ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಅಂಥ ಮಕ್ಕಳು ಒಣಗಿ ಎಲುಬಾಗಿ ಸಾಯುತ್ತಿದ್ದರು. ಆ ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. ಗಾಯಕ ನಿಕ್ ಜೋನಾಸ್‌ಗೆ 13ನೇ ವಯಸ್ಸಿನಿಂದ ಇನ್ಸುಲಿನ್ ನಡೆದಿದೆ, ಜಗತ್ತೆಲ್ಲ ಸುತ್ತಿ ಹಾಡುತ್ತಿದ್ದಾರೆ.

ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನೂ ನೆನಪಿಸಿ. ಕ್ಷಯ ಬಂದು ವರ್ಷಗಟ್ಟಲೆ ಹಾಡುವುದೇ ಬೇಡ ಅಂತ ಮಲಗಿಸಿದ್ದರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದ ಹಾಗಾಗಿತ್ತು. ಸ್ಟ್ರೆಪ್ಟೋಮೈಸಿನ್ ಬಂತು, ತೆಗೆದುಕೊಂಡರು, ಎದ್ದು ಕೂತು ಹೊಸದೇ ದನಿಯಲ್ಲಿ ಹಾಡಿದರು. ಅವರ ದೊಡ್ಡ ಕೆಲಸವೆಲ್ಲ ಆ ಮೇಲಿನದು. ಔಷಧ ತೆಗೆದುಕೊಂಡಿದ್ದರಿಂದ ಅವರ ಹಾಡು ಉಳಿಯಿತು. ನಿಮ್ಮ ಮಾವನವರು ಹಾರ್ಮೋನಿಯಂ ಮನುಷ್ಯ, ಈ ಮಾತು ಅವರಿಗೆ ನಾಟುತ್ತದೆ.

ಸಿಸ್ಟರ್ ಅಕ್ಕ, ವಿಜಯಪುರ

ಈಗಿನ ಸೂಜಿ ಕೂದಲಿನಷ್ಟ ಸಣ್ಣದು, ಪೆನ್ನಿನಂಗ ಬರ್ತೈತಿ. ಗುಳಿಗಿ ಸಾಕಾಗದಿದ್ದಾಗ ಇನ್ಸುಲಿನ್ ಕೊಡ್ತಾರ, ಮುಗೀತು ಅಂತ ಕೊಡಂಗಿಲ್ಲ. ಕಷಾಯ ಕುಡೀತೇನಿ ಅಂತ ಔಷಧ ಬಿಡಬ್ಯಾಡ್ರಿ. ಅವರ ಕಾಲು ಇನ್ನೂ ಪೆಡಲ್ ತುಳೀಬೇಕಲ್ರಿ.

ತಬಲಾ, ಜಮಖಂಡಿ

ಒಂದು ಕೇಳೋದೈತಿ ಅಕ್ಕಾರ. ಪಾರಿಜಾತದ ಅಣ್ಣಾ ಹೇಳಿದಂಗ ನಡುರಾತ್ರ್ಯಾಗ ಹಾಡುವಾಗ ಕೈ ನಡುಗಿ, ಬೆವತು, ಸಾಲು ಮರೆತು ನಿಂತ್ರ ಏನ್ ಮಾಡೋದು? ಮಂದಿ ಕುಡದಾನ ಅಂತಾರ. ನಾನ ಕಣ್ಣಾರೆ ಕಂಡೇನಿ.

ಸಿಸ್ಟರ್ ಅಕ್ಕ, ವಿಜಯಪುರ

ಅದು ಶುಗರ್ ಇಳದಿದ್ದು, 70ರ ಕೆಳಗ ಬಂದಿರ್ತದ. ಗುಳಿಗಿ ಅಥವಾ ಇನ್ಸುಲಿನ್ ತಗೊಂಡು ಉಣದಿದ್ರ ಹಂಗಾಗ್ತೈತಿ. ಆವಾಗ ಮೂರು ಚಮಚಾ ಸಕ್ರಿ ನೀರಾಗ ಕಲಸಿ ಕುಡಸ್ರಿ, ಇಲ್ಲಾ ಗ್ಲೂಕೋಸ್ ಪುಡಿ. ಶುಗರ್ ಐತಿ ಸಕ್ರಿ ಹೆಂಗ ಕೊಡೂದು ಅಂತ ಹಿಂದಮುಂದ ನೋಡಬ್ಯಾಡ್ರಿ. ಹದಿನೈದು ನಿಮಿಷಕ್ಕ ಆರಾಮ ಆಗದಿದ್ರ ಮತ್ತೊಮ್ಮೆ ಕೊಡ್ರಿ, ಆಮ್ಯಾಲ ಒಂದು ರೊಟ್ಟಿ ತಿನಸ್ರಿ. ಎಚ್ಚರ ತಪ್ಪಿದ್ರ ಮಾತ್ರ ಬಾಯಾಗ ಏನೂ ಹಾಕಬ್ಯಾಡ್ರಿ, ಮಗ್ಗಲಿಗಿ ಮಲಗಿಸಿ 108ಕ್ಕ ಫೋನ್ ಮಾಡ್ರಿ.

ಮೇಳದಾಗ ಒಬ್ಬರಿಗರ ಇದು ಗೊತ್ತಿರಬೇಕು. ಸಾಮಾನ್ಯವಾಗಿ ಹಾರ್ಮೋನಿಯಂದವರು ನಡುವ ಕುಂತಿರ್ತಾರ, ಅವರ ಹತ್ರ ಗ್ಲೂಕೋಸ್ ಪಾಕೀಟ ಇಡ್ರಿ.

ಪಾರಿಜಾತದ ಮಂದಿ, ಮೂಡಲಗಿ ತಾಲೂಕ

ಅಕ್ಕಾರ, ಇದನ್ನ ಬರಕೊಂಡೇನಿ. ಚೀಟಿ ಮಾಡಿ ನಮ್ಮ ಪೆಟ್ಟಿಗಿ ಮುಚ್ಚಳಕ್ಕ ಒಳಗ ಅಂಟಸ್ತೇವಿ. ನಮ್ಮ ಮೇಳದಾಗ ನಲವತ್ತು ದಾಟಿದವರ ಭಾಳ. ಎಲ್ಲಾರಿಗೂ ಒಮ್ಮೆಲೇ ರಕ್ತ ತೆಗಸಬೇಕಂದ್ರ ಎಲ್ಲಿ ಹೋಗೋದು? ಖಾಸಗಿ ಲ್ಯಾಬಿಗಿ ರೊಕ್ಕ ಹೊಂದಂಗಿಲ್ಲ.

ಸಿಸ್ಟರ್ ಅಕ್ಕ, ವಿಜಯಪುರ

ರೊಕ್ಕ ಬ್ಯಾಡ ಅಣ್ಣಾರ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಾಗ 30 ದಾಟಿದವರಿಗಿ ಬಿಪಿ, ಶುಗರ್ ಪುಕ್ಕಟೆ ನೋಡ್ತಾರ, ಗುಳಿಗೀನೂ ಕೊಡ್ತಾರ. ಊರಿನ ಆಶಾ ಕಾರ್ಯಕರ್ತೆಗಿ ಮೊದಲ ಹೇಳ್ರಿ, ಎಲ್ಲಾರೂ ಕೂಡಿ ಬರ್ತೇವಿ ಅಂತ. ಹಿಂದಿನ ರಾತ್ರಿ ಆಟ ಇಲ್ಲದ ದಿನ ಆರಸಿಕೊಳ್ರಿ. ರಾತ್ರಿ ಊಟ ಮಾಡಿ ಮಲಗಿ, ಮುಂಜಾನೆ ಚಾ ಕುಡೀದ ಹೋಗ್ರಿ. ನೀರು ಕುಡೀಬಹುದು.

ಪಾರಿಜಾತದ ಮಂದಿ, ಮೂಡಲಗಿ ತಾಲೂಕ

ಮುಂದಿನ ಮಂಗಳವಾರ ಆಟ ಇಲ್ಲ. ಬುಧವಾರ ಮುಂಜಾನೆ ಹೋಗ್ತೇವಿ. ಕೃಷ್ಣನ ಪಾತ್ರದಾಂವ ಸೂಜಿಗಿ ಅಂಜತಾನ, ಅವನ್ನ ಕರಕೊಂಡು ಬರೋ ಜವಾಬ್ದಾರಿ ನಂದು.